ನಕಾಶೆ ಓಟದಲ್ಲಿ ಅವ್ವ

ಮದುವೆ ಕಾರ್ಡಿನ ಬೆನ್ನಿಗೆ ಕಲ್ಯಾಣ ಮಂಟಪದ ದಾರಿ ತೋರಿಸುವ ಗೆರೆಚಿತ್ರವೊಂದನ್ನು ಅಚ್ಚು ಹಾಕಿಸಿರುತ್ತಾರಲ್ಲ, ಅದನ್ನು ಯಾರಾದರೂ ನೋಡುತ್ತಾರೆಯೇ ಎಂದು ನಿಮಗೆ ಅನುಮಾನ ಬಂದಿರಬಹುದು. ನಾನು ನೋಡುತ್ತೇನೆ. ವಧೂವರರ ಹೆಸರು, ಮುಹೂರ್ತ, ಆಶೀರ್ವಾದ ಬಯಸುವವರ ಉದ್ದನೆಯ ಪಟ್ಟಿ ಎಲ್ಲ ಆಮೇಲೆ. ಆಟೋ ಹತ್ತಿದ ಕೂಡಲೇ ಕಾರ್ಡು ಮಗುಚಿ ಹಿಡಿದು, ಆಟೋ ಎಡಕ್ಕೆ ಹೊರಳಿದರೆ ಕಾರ್ಡನ್ನು ಬಲಕ್ಕೆ, ಆಟೋ ಬಲಕ್ಕೆ ಹೊರಳಿದರೆ ಕಾರ್ಡನ್ನು ಎಡಕ್ಕೆ ತಿರುಗಿಸುತ್ತ ಕೂರುತ್ತೇನೆ. ಹೀಗೆ ತಿರುಗಿಸುವ ಭರದಲ್ಲಿ ಕಾರ್ಡಿನ ಆಚೆ ಬದಿಯ ಗಣಪತಿ ಎಷ್ಟೋ ಸಲ ತಲೆಕೆಳಗಾಗುತ್ತಾನೆ. ಪಕ್ಕದಲ್ಲಿ ಕೂತ ನನ್ನ ನಾದಿನಿಗೆ ಅದು ಸಹಿಸುವುದಿಲ್ಲ.

"ಅತ್ತಿಗಿ, ಕಾರ್ಡ್ ಸೀದಾ ಹಿಡೀರಿ. ಶುಭಕಾರ್ಯಕ್ಕ ಹೊಂಟೀವಿ," ಅನ್ನುತ್ತಾಳೆ.

"ಸೀದಾನೇ ಹಿಡದೀನಿ. ಆಟೋ ಅಡ್ಡ ಹೊಂಟದ," ಅನ್ನುತ್ತೇನೆ ನಾನು. ಆಟೋದವನು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಹಾರನ್ ಒತ್ತುತ್ತಾನೆ.

ಈ ಚಟ ನನಗೆ ಹತ್ತಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ರಾಯಚೂರಿನಲ್ಲಿ ಕಾಲೇಜು ಓದುವಾಗ. ಹತ್ತಿಸಿದವರು ನಮ್ಮ ಪಿ.ಟಿ. ಮಾಸ್ತರರಾದ ದೇವಣ್ಣ ಸರ್. ಅವರು ಮೊದಲು ಮಿಲಿಟರಿಯಲ್ಲಿದ್ದವರು. ಎಲ್ಲೋ ಹಿಮ ಬೀಳುವ ಗುಡ್ಡಗಳಲ್ಲಿ ಒಂದು ಆಟ ಕಲಿತು ಬಂದಿದ್ದರು. ಕೈಗೊಂದು ನಕಾಶೆ ಕೊಡುತ್ತಾರೆ. ಅದರಲ್ಲಿ ಕೆಲವು ಜಾಗಗಳಿಗೆ ಸುತ್ತು ಹಾಕಿರುತ್ತದೆ. ಒಂದೊಂದಾಗಿ ಆ ಜಾಗ ಹುಡುಕಿ, ಅಲ್ಲಿಗೆ ಬಂದು ಹೋದದ್ದಕ್ಕೆ ಗುರುತು ಮಾಡಿಕೊಂಡು, ಎಲ್ಲರಿಗಿಂತ ಬೇಗ ತಿರುಗಿ ಬರಬೇಕು. ಯಾರನ್ನೂ ದಾರಿ ಕೇಳುವಂತಿಲ್ಲ. ಕಾಲು ಎಷ್ಟು ಓಡುತ್ತದೋ ತಲೆಯೂ ಅಷ್ಟೇ ಓಡಬೇಕು. ಅದಕ್ಕೊಂದು ದೊಡ್ಡ ಇಂಗ್ಲಿಷ್ ಹೆಸರಿತ್ತು. ನಮ್ಮ ಬಾಯಿಗೆ ಅದು ಹೊರಳದ್ದರಿಂದ ಸರ್ ಅದನ್ನು "ನಕಾಶಿ ಓಟ" ಎಂದು ಕರೆದರು, ನಾವೂ ಹಾಗೆಯೇ ಕರೆದೆವು.

ನಕಾಶೆಯನ್ನು ಅವರೇ ಬರೆಯುತ್ತಿದ್ದರು. ರಜೆಯ ದಿನ ಬೆಳಿಗ್ಗೆ ಎದ್ದು, ತಲೆಗೆ ಟವೆಲ್ ಸುತ್ತಿಕೊಂಡು ಓಣಿ ಓಣಿ ನಡೆದು, ಸ್ಟೆನ್ಸಿಲ್ ಕಾಗದದ ಮೇಲೆ ಗೀಚಿ, ಕಾಲೇಜಿನ ಆಫೀಸಿನಲ್ಲಿ ಅಚ್ಚು ಒತ್ತಿಸುತ್ತಿದ್ದರು. ಮಸಿ ಒಣಗುವ ಮೊದಲೇ ನಮ್ಮ ಕೈಗೆ ಬರುತ್ತಿದ್ದ ಕಾರಣ ಓಟ ಮುಗಿಯುವಷ್ಟರಲ್ಲಿ ಅರ್ಧ ಊರು ನಮ್ಮ ಅಂಗೈಯಲ್ಲಿ ಇರುತ್ತಿತ್ತು. ಹುಡುಕಬೇಕಾದ ಜಾಗಗಳಲ್ಲಿ ಎಣ್ಣೆ ಡಬ್ಬಿಗಳಿಗೆ ಕೆಂಪು ಬಿಳಿ ಬಣ್ಣ ಬಳಿದು ಇಡುತ್ತಿದ್ದರು. ಪ್ರತಿ ಡಬ್ಬಿಗೂ ದಾರದಲ್ಲಿ ಕಟ್ಟಿದ ಬಣ್ಣದ ಪೆನ್ಸಿಲ್. ಅದರಿಂದ ನಮ್ಮ ಚೀಟಿಯ ಮೇಲೆ ಗೆರೆ ಎಳೆದುಕೊಳ್ಳಬೇಕು. ಅವರ ಪಾಠ ಒಂದೇ: "ದಾರಿ ತಪ್ಪಿದಾಗ ನೀವು ಗರಗರ ತಿರುಗಬ್ಯಾಡ್ರಿ. ನಿಂದರ್ರಿ. ನಕಾಶಿ ತಿರುಗಸ್ರಿ."

ನನ್ನ ಹೆಸರು ಹುಲಿಗೆಮ್ಮ. ಮನೆಯಲ್ಲಿ ಹುಲಿಗಿ. ಹೆಸರಿನಲ್ಲಿ ಹುಲಿ ಇದ್ದರೂ ಓಡುವಾಗ ನಾನು ಹೆದರಿದ ಮೇಕೆಯಂತೆ ಕಾಣುತ್ತಿದ್ದೆನೆಂದು ಗೆಳತಿಯರು ಹೇಳುತ್ತಿದ್ದರು. ಇದ್ದೀತು. ಆದರೆ ಮೇಕೆಗೆ ಇಕ್ಕಟ್ಟಿನಲ್ಲಿ ನುಗ್ಗುವುದು ಗೊತ್ತು. ಓಣಿಯ ಓಟಕ್ಕೆ ಅದು ಸಾಕು.

ನಮ್ಮೂರು ದೇವದುರ್ಗ. ಅಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಹೊಲದ ಕೂಲಿಗೆ. ಕಳೆ ಕೀಳುವುದು, ಹತ್ತಿ ಬಿಡಿಸುವುದು, ಹೊಲದ ಕೆಲಸ ಇಲ್ಲದಾಗ ಶೇಂಗಾ ಸುಲಿಯುವುದು. ಸುತ್ತಮುತ್ತಲ ಯಾವ ಹೊಲಕ್ಕಾದರೂ ನಸುಕಿನಲ್ಲಿ ಕಣ್ಣು ಮುಚ್ಚಿ ನಡೆದು ಹೋಗುವ ಅವ್ವ, ಬಸ್ಸು ಎಂದರೆ ಬೆವರುತ್ತಿದ್ದಳು. ಬೋರ್ಡು ಓದಲು ಬಾರದು. ಎಲ್ಲಿ ಇಳಿಸಿಬಿಡುತ್ತಾರೋ, ಇಳಿದ ಮೇಲೆ ಯಾವ ಕಡೆ ಮುಖ ಮಾಡಬೇಕೋ ಎಂಬ ಭಯ. ಚಿಕ್ಕವಳಿದ್ದಾಗ ನೀರಮಾನ್ವಿಯ ಯಲ್ಲಮ್ಮನ ಗುಡಿಯ ಮುಂದೆ ಹುಣ್ಣಿಮೆಯ ಜನದಲ್ಲಿ ಅವಳ ಅವ್ವನ ಕೈ ತಪ್ಪಿತ್ತಂತೆ. ಸಂಜೆಯ ತನಕ ಯಾರ್‍ಯಾರದೋ ಸೀರೆಯ ಸೆರಗು ಹಿಡಿದು, ಮುಖ ನೋಡಿ, ಬಿಟ್ಟು, ಮತ್ತೊಂದು ಸೆರಗು ಹಿಡಿದಿದ್ದಳಂತೆ. ಅದನ್ನು ಹೇಳುವಾಗ ನಡುವಯಸ್ಸಿನಲ್ಲೂ ಅವಳ ದನಿ ಸಣ್ಣದಾಗುತ್ತಿತ್ತು. ಅದಕ್ಕೇ ಇರಬೇಕು, ನಾನು ಏಳನೇ ಇಯತ್ತೆಯಲ್ಲಿ ಇರುವಾಗಲೂ ಸಂತೆಯಲ್ಲಿ ನನ್ನ ಮಣಿಕಟ್ಟು ಹಿಡಿದೇ ನಡೆಯುತ್ತಿದ್ದಳು. ಬದನೆಕಾಯಿ ಆರಿಸುವಾಗಲೂ ಒಂದೇ ಕೈ. ಇನ್ನೊಂದು ಕೈ ನನ್ನ ಮೇಲೆ.

ಇಂಥ ಅವ್ವನ ಊರಿನಲ್ಲೇ ನಮ್ಮ ಮೊದಲ ನಕಾಶೆ ಓಟ ಆಗಬೇಕೆ! ಕಾಲೇಜಿನವರು ದೇವದುರ್ಗದಲ್ಲಿ ಸೇವಾ ಶಿಬಿರ ಹಾಕಿದ್ದರು. ರಸ್ತೆ ಸರಿಮಾಡುವುದು, ಗಟಾರು ಬಳಿಯುವುದು. ಕೊನೆಯ ದಿನ ದೇವಣ್ಣ ಸರ್ ಹುಡುಗಿಯರಿಗೆ ಒಂದು ಅಭ್ಯಾಸದ ಓಟ ಇಟ್ಟರು. ನಾನು ಒಳಗೊಳಗೇ ಹಿಗ್ಗಿದೆ. ನನ್ನೂರು, ನನ್ನ ಓಣಿ. ನಕಾಶೆ ಯಾಕೆ ಬೇಕು?

ಓಡುವವರಿಗೆಂದು ಬಿಳಿ ಸಲ್ವಾರ್ ಕಮೀಜು ಹೊಲಿಸಿದ್ದರು. ನಮ್ಮೂರಿನಲ್ಲಿ ಬಿಳಿ ಬಟ್ಟೆ ಹಾಕಿದ ಹೆಣ್ಣೆಂದರೆ ದವಾಖಾನೆಯ ನರ್ಸಮ್ಮ ಒಬ್ಬಳೇ. ಇನ್ನು ಓಡುವ ಹೆಣ್ಣು ಎಂದರೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಇವೆರಡೂ ಒಟ್ಟಿಗೆ ಬಂದರೆ ಊರು ಏನು ತಿಳಿಯಬೇಕು ನೀವೇ ಹೇಳಿ.

ಸೀಟಿ ಊದಿದ್ದೇ ತಡ, ನಾನು ಓಟ ಕಿತ್ತೆ. ಮೊದಲ ತಿರುವಿನಲ್ಲೇ ಹೋಟೆಲ್ಲಿನ ಕಟ್ಟೆ ಮೇಲೆ ಕೂತಿದ್ದ ಮಲ್ಲಪ್ಪ ಕಾಕಾ ಎದ್ದು ನಿಂತರು.

"ಏ ಹುಲಿಗಿ! ಯಾಕ ಓಡಾಕತ್ತೀ ಬೇ? ಯಾರಿಗೇನಾತು?"

"ಯಾರಿಗೂ ಏನಾಗಿಲ್ಲ ಕಾಕಾ!"

"ಮತ್ತ್ಯಾಕ ಓಡಾಕತ್ತೀ?"

ನಿಂತು ಉತ್ತರ ಹೇಳಲು ಪುರುಸೊತ್ತೆಲ್ಲಿ? ನಾನು ಮುಂದಕ್ಕೆ ಹೋದೆ. ನನ್ನ ಹಿಂದೆ ಸುದ್ದಿ ಹೊರಟಿತು. ಅದು ನನಗಿಂತ ಚೆನ್ನಾಗಿ ಓಡುತ್ತಿತ್ತು. ಮುಂದಿನ ಓಣಿ ತಲುಪುವಷ್ಟರಲ್ಲಿ ನನ್ನ ಅಪ್ಪ ಕಟ್ಟಡದ ಮೇಲಿಂದ ಬಿದ್ದಾಗಿತ್ತು. ಅದರಾಚೆಯ ಓಣಿಯಲ್ಲಿ ಅವನನ್ನು ದವಾಖಾನೆಗೆ ಒಯ್ದಾಗಿತ್ತು. ನಾನು ಗಿರಣಿಯ ಹಿಂದಿನ ಡಬ್ಬಿ ಹುಡುಕುತ್ತಿರುವಾಗ ಶೇಂಗಾ ಸುಲಿಯುತ್ತಿದ್ದ ಅವ್ವನ ಕಿವಿಗೆ ಮಾತು ಮುಟ್ಟಿ, ಅವಳು ಮೊರ ಒಗೆದು ಎದ್ದಿದ್ದಳು. ಹೆಂಗಸರು ಅವಳ ಹಿಂದೆ, ಗಂಡಸರು ಹೆಂಗಸರ ಹಿಂದೆ. ಇದರಲ್ಲಿ ಮಜ ಏನೆಂದರೆ, ಕಟ್ಟಡದ ಕೆಳಗೆ ಗಟ್ಟಿಮುಟ್ಟಾಗಿ ನಿಂತು ಗಾರೆ ಕಲಸುತ್ತಿದ್ದ ನಮ್ಮಪ್ಪ, ಜನ ಓಡುವುದನ್ನು ಕಂಡು "ಯಾರೋ ಬಿದ್ದಾರಂತ" ಎಂದು ಕೇಳಿ, ಸಲಿಕೆ ಬಿಟ್ಟು ತಾನೂ ಗುಂಪಿನಲ್ಲಿ ಸೇರಿ ಓಡಿದ್ದ.

ಆಲದ ಮರದ ಬುಡದಲ್ಲಿ ನಾನು ಪೆನ್ಸಿಲ್ ಹಿಡಿದು ಗೆರೆ ಎಳೆಯುವಾಗ ಅವ್ವ ಬಂದು ನನ್ನ ರಟ್ಟೆ ಹಿಡಿದಳು. ಮೈ ಕೈ ಸವರಿ ನೋಡಿದಳು. ಹಿಂದೆಯೇ ಅಪ್ಪ ಬಂದು ನಿಂತಿದ್ದನ್ನು ನೋಡಿದಳು. ಇಬ್ಬರೂ ಸರಿಯಾಗಿದ್ದೇವೆಂದು ಖಾತ್ರಿ ಆದ ಮೇಲೆ ನನಗೊಂದು ಬಾರಿಸಿದಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು.

"ಹೆಣ್ಮಕ್ಕಳು ಹಿಂಗ ಓಡತಾರೇನಬೇ? ಓಡಿದ್ರ ಮಂದಿ ಏನಂತ ತಿಳ್ಕೋಬೇಕು?"

ದೇವಣ್ಣ ಸರ್ ಬಂದು ಕೈ ಮುಗಿದು ಸಮಾಧಾನ ಹೇಳಿದರು. ಇದು ಆಟ ತಾಯಿ, ಪಂದ್ಯ, ನಿಮ್ಮ ಮಗಳು ಚೆನ್ನಾಗಿ ಓಡುತ್ತಾಳೆ ಎಂದೆಲ್ಲ.

ಅವ್ವ ಕಣ್ಣೊರೆಸಿಕೊಂಡು ಕೇಳಿದಳು: "ಎಲ್ಲಿಗಿ ಓಡಾದ್ರೀ ಸರಾ?"

"ಎಲ್ಲಾ ಕಡಿ ಹೋಗಿ, ಹೊಂಟಲ್ಲಿಗೇ ತಿರುಗಿ ಬರಾದು ತಾಯಿ."

"ಹೊಂಟಲ್ಲಿಗೇ ಬರಾದಾದ್ರ ಹೋಗಾದ್ಯಾಕ್ರೀ?"

ಸರ್ ನಗುತ್ತ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆ ಓಟದಲ್ಲಿ ನಾನು ಕಟ್ಟಕಡೆಯವಳು. ಸ್ವಂತ ಊರಿನಲ್ಲಿ.

ಮಾನ್ವಿಯಲ್ಲಿ ಮಾತ್ರ ಬೇರೆಯಾಯಿತು. ಮುಂದಿನ ಪಂದ್ಯಕ್ಕೆ ಬೇರೆ ಬೇರೆ ಕಾಲೇಜಿನ ಹುಡುಗಿಯರನ್ನು ಆರಿಸುವ ಓಟವನ್ನು ಸರ್ ಅಲ್ಲಿಯ ಗುಡ್ಡದ ಮೇಲೆ ಇಟ್ಟಿದ್ದರು. ಎಲ್ಲಿ ನೋಡಿದರೂ ಬಂಡೆ. ಬಂಡೆಗಳಲ್ಲಿ ಒಂದು ಒಳ್ಳೆಯ ಗುಣ ಇದೆ. ಯಾಕ ಓಡಾಕತ್ತೀಯವ್ವಾ ಎಂದು ಅವು ಕೇಳುವುದಿಲ್ಲ. ಅಲ್ಲಿ ನಾನು ಮೊದಲ ಸಲ ನಕಾಶೆಯನ್ನು ನಂಬಿ ಓಡಿದೆ, ಎಲ್ಲರಿಗಿಂತ ಮೊದಲು ಬಂದೆ. ಪದ್ಮಾ ಎಂಬ ನನ್ನ ಗೆಳತಿಯ ಪರಿಚಯ ಆದದ್ದೂ ಅಲ್ಲೇ. ಅವಳು ರಾಯಚೂರು ಕೋಟೆಯ ಒಳಗಿನ ಓಣಿಯವಳು, ಬೇರೆ ಕಾಲೇಜು. ಓಣಿಯ ಕಲ್ಲುಹಾಸಿನ ಮೇಲೆ ಜಿಂಕೆಯಂತೆ ಓಡುವವಳು ಗುಡ್ಡದಲ್ಲಿ ಜಾಲಿಕಂಟಿಗೆ ಸಿಕ್ಕಿಬಿದ್ದಿದ್ದಳು. ನಾನು ಅವಳ ಕಾಲಿನ ಮುಳ್ಳು ಕಿತ್ತೆ. ಅವಳು ನೋವಿಗೆ ತೆಲುಗಿನಲ್ಲಿ ಬೈದಳು. ಯಾರಿಗೆ ಎಂದು ಕೇಳಿದೆ. "ದೇವಣ್ಣ ಸರ್‌ಗೆ" ಅಂದಳು. ಅಲ್ಲಿಂದ ಸ್ನೇಹ. ಅವಳಿಗೆ ತಂದೆತಾಯಿ ಇರಲಿಲ್ಲ. ಅಜ್ಜಿಯೊಬ್ಬಳೇ ಸಾಕಿದ್ದಳು.

ಕೊನೆಯ ಪಂದ್ಯ ರಾಯಚೂರಿನಲ್ಲಿ, ಕೋಟೆಯ ಸುತ್ತಿನ ಓಣಿಗಳಲ್ಲಿ. ಸುತ್ತಲಿನ ಕಾಲೇಜುಗಳೆಲ್ಲ ಬಂದಿದ್ದವು. ಹುಡುಗಿಯರಲ್ಲಿ ಮೊದಲ ಇಬ್ಬರು ಮೈಸೂರಿನ ದೊಡ್ಡ ಪಂದ್ಯಕ್ಕೆ ಹೋಗುವವರು. ಮೈಸೂರು! ನಮ್ಮ ಮನೆತನದಲ್ಲಿ ತುಂಗಭದ್ರೆ ದಾಟಿದವರೇ ಇರಲಿಲ್ಲ. ನಾನು ಹಾಸ್ಟೆಲ್ಲಿನ ಗೋಡೆಗೆ ಮುಖ ಮಾಡಿ ಮಲಗಿ, ಮೈಸೂರಿನ ರೈಲು ಹೇಗೆ ಕೂಗುತ್ತದೆ ಎಂದು ಕಲ್ಪಿಸಿಕೊಳ್ಳುತ್ತಿದ್ದೆ. ನಮ್ಮ ರಾಯಚೂರಿನ ರೈಲಿನ ಹಾಗೆಯೇ ಕೂಗಬಹುದೆಂದು ಆಗ ಹೊಳೆದಿರಲಿಲ್ಲ.

ಚಳಿಗಾಲದ ಬೆಳಗು. ರಾಯಚೂರಿಗೂ ಒಂದು ಚಳಿಗಾಲ ಇದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಸ್ವಲ್ಪ ಸ್ವಲ್ಪ ಬಿಡುವು ಕೊಟ್ಟು ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಹಿಡಿದ ಹೊತ್ತು ಯಾರದು ಕಡಿಮೆಯೋ ಅವರು ಗೆದ್ದ ಹಾಗೆ. ನನ್ನ ಸರದಿ ಬಂತು. ನಕಾಶೆ ತಿರುಗಿಸಿ ಹಿಡಿದೆ, ಹೊರಟೆ.

ಅಂದು ಓಡಿದ ಹಾಗೆ ನಾನು ಬದುಕಿನಲ್ಲಿ ಮತ್ತೆಂದೂ ಓಡಲಿಲ್ಲ. ಕೋಟೆಯ ಬಾಗಿಲು ಕಾಟಿ ದರ್ವಾಜಾ ಎಲ್ಲಿ ಬರಬೇಕೋ ಅಲ್ಲಿ ಬಂತು. ಇನ್ನೊಂದು ಕಡೆ ಕೋಟೆಯ ಎತ್ತರದ ಗೋಡೆಯ ಮೇಲೆ, ಭಾರಿ ಕಲ್ಲನ್ನು ಬಂಡಿಯಲ್ಲಿ ಎಳೆಯುವ ಕೋಣಗಳ ಚಿತ್ರ ಕೊರೆದಿದ್ದಾರೆ. ಅದರ ಬುಡದಲ್ಲಿದ್ದ ಡಬ್ಬಿ ನನ್ನನ್ನೇ ಕಾಯುತ್ತಿರುವಂತೆ ಸಿಕ್ಕಿತು. ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ಹೆಂಗಸರು ತಂಬಿಗೆ ಹಿಡಿದ ಕೈ ತಡೆದು ದಾರಿ ಬಿಟ್ಟರು. ಚಹಾದಂಗಡಿಯ ಮುದುಕರೊಬ್ಬರು "ಕ್ಯಾ ಹುವಾ ಬೇಟಿ?" ಎಂದರು. ಎಲ್ಲೂ ನಿಲ್ಲಲಿಲ್ಲ. ಉಸಿರು, ಕಾಲು, ಕಾಗದ ಮೂರೂ ಒಂದೇ ಆಗಿದ್ದವು. ಖಾಸ್ ಬಾವಿಯ ಹತ್ತಿರ ಗೆರೆ ಎಳೆದುಕೊಳ್ಳುವಾಗ ಅಲ್ಲಿ ನಿಂತಿದ್ದ ಮಾಸ್ತರರೊಬ್ಬರು ಗಡಿಯಾರ ನೋಡಿ, "ಯಾವೂರವ್ವಾ ನೀನು?" ಎಂದು ಬೆರಗಿನಲ್ಲಿ ಕೇಳಿದರು. ನಾನು ಮುಂದಿದ್ದೇನೆ ಎಂದು ಆಗಲೇ ಗೊತ್ತಾಯಿತು.

ಅಲ್ಲಿಂದ ಎರಡು ಓಣಿ ದಾಟಿದ ಮೇಲೆ ಒಂದು ಕೂಡುರಸ್ತೆ. ಎಡಕ್ಕೆ ಹೊರಳಬೇಕು. ಹೊರಳುತ್ತ ಬಲಗಡೆಗೆ ಕಣ್ಣು ಹೋಯಿತು.

ಗೋಡೆಗೆ ಬೆನ್ನು ಒತ್ತಿಕೊಂಡು, ತಲೆ ತುಂಬ ಸೆರಗು ಹೊದ್ದು, ಬಟ್ಟೆಯ ಗಂಟೊಂದನ್ನು ಎದೆಗೆ ಅವಚಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಬರುವವರ ಮುಖ ಒಂದೊಂದಾಗಿ ನೋಡುತ್ತಿದ್ದಳು. ಯಾರದಾದರೂ ಸೆರಗು ಹಿಡಿಯಲೋ ಬೇಡವೋ ಎಂಬಂತೆ.

"ಯವ್ವಾ!"

ಅವ್ವನಿಗೆ ನಾನು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತುಟಿ ಒಣಗಿತ್ತು.

"ಹುಲಿಗಿ... ಎಲ್ಲಾ ಓಣಿ ಒಂದಾ ಥರ ಅದಾವ ಬೇ. ಹೋದಲ್ಲಿಗೇ ತಿರುಗಿ ತಿರುಗಿ ಬರಾಕತ್ತೀನಿ."

"ನೀ ಯಾಕ ಬಂದಿ? ಯಾರ ಜೋಡಿ ಬಂದಿ?"

"ಒಬ್ಬಾಕೀನೇ ಬಂದೀನಿ. ನಿಮ್ಮಪ್ಪ ನಸುಕಿನ್ಯಾಗ ಬಸ್ಸಿಗಿ ಹತ್ತಿಸಿದಾ. ಮಗಳು ಓಡಾದು ಮಂದಿ ಬಾಯಾಗ ಕೇಳಾದಕ್ಕಿಂತ ಕಣ್ಣಾರೆ ನೋಡ್ಯರ ಬಾ ಅಂದಾ. ಬಸ್‌ಸ್ಟ್ಯಾಂಡಿನಾಗ ಇಳದೆ. ಕಾಲೇಜು ಕೇಳಿದ್ರ ಒಬ್ರು ಹಿಂಗಂದ್ರು, ಒಬ್ರು ಹಂಗಂದ್ರು. ಒಬ್ಬಾಕಿ ತೆಲುಗಿನಾಗ ಹೇಳಿದ್ಲು." ಅಷ್ಟರಲ್ಲಿ ನನ್ನ ಬಿಳಿ ಬಟ್ಟೆ, ಕೈಯಲ್ಲಿನ ಕಾಗದ ಅವಳ ಕಣ್ಣಿಗೆ ಬಿತ್ತು. "ಓಟ ಇದೇನಾ? ಈಗ ಓಡಾಕತ್ತೀಯೇನು? ಹಂಗಾರ ಓಡು, ಓಡು. ನಿಂದರಬ್ಯಾಡ. ನಾ ಇಲ್ಲೇ ಇರ್ತೀನಿ."

ಬಾಯಿ ಓಡು ಎನ್ನುತ್ತಿತ್ತು. ಕೈ ಮಾತ್ರ ನನ್ನ ಮಣಿಕಟ್ಟು ಹಿಡಿದಿತ್ತು. ಹಿಡಿದಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಬಿಡಿಸಿಕೊಂಡು ಹೋಗಬಹುದಿತ್ತು. ಉಳಿದ ಡಬ್ಬಿಗಳು ಹತ್ತಿರವೇ ಇದ್ದವು. ಓಟ ಮುಗಿಸಿ ಮರಳಿ ಬಂದು ಕರೆದೊಯ್ಯಬಹುದಿತ್ತು. ಆದರೆ ಅವಳು ಅಲ್ಲೇ ನಿಂತಿರುತ್ತಾಳೆಂದು ಏನು ಖಾತ್ರಿ? ನಾನು ನಕಾಶೆ ನೋಡಿದೆ. ಅವ್ವನ ಮುಖ ನೋಡಿದೆ.

"ಯವ್ವಾ, ನಿನಗ ಓಡಾಕ ಆಗ್ತದೇನು?"

"ನನಗಾ?"

"ಹೂಂ. ನನ್ನ ಜೋಡಿ."

ಅವ್ವ ಅತ್ತ ಇತ್ತ ನೋಡಿದಳು. ದೇವದುರ್ಗದವರು ಯಾರೂ ಕಾಣಲಿಲ್ಲ. ಗಂಟನ್ನು ಬೆನ್ನಿಗೆ ಕಟ್ಟಿಕೊಂಡಳು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ನಡಿ," ಅಂದಳು.

ಹೀಗೆ ನಾವಿಬ್ಬರೂ ರಾಯಚೂರಿನ ಓಣಿಗಳಲ್ಲಿ ಓಡಿದೆವು. ದಿನವಿಡೀ ಹೊಲದಲ್ಲಿ ಬಗ್ಗಿ ದುಡಿದವಳ ಕಾಲು, ಮೊದಮೊದಲು ಚೆನ್ನಾಗಿಯೇ ಬಂತು. ಆಮೇಲೆ ಚಪ್ಪಲಿಯ ಉಂಗುಟ ಕಿತ್ತಿತು. ಅದನ್ನು ಕೈಗೆ ತೆಗೆದುಕೊಂಡು ಓಡಿದಳು. ಏದುಸಿರು ಬಿಡುತ್ತಲೇ "ಏನು ಹುಡುಕಾಕತ್ತೀ?" ಎಂದಳು. ಕೆಂಪು ಬಿಳಿ ಡಬ್ಬಿ ಎಂದೆ. ಅವಳ ಕಣ್ಣು ಚುರುಕಾದದ್ದು ಕಂಡು ನನಗೆ ಗಾಬರಿಯಾಯಿತು.

"ಯವ್ವಾ, ನಿನಗ ಕಂಡ್ರೂ ಹೇಳಬ್ಯಾಡ! ಯಾರರ ತೋರಿಸಿದ್ರ ಓಟ ಕೆಡ್ತದ."

ಕೊನೆಯ ಡಬ್ಬಿ ಒಂದು ಜಗಲಿಯ ಮೂಲೆಯಲ್ಲಿತ್ತು. ನನಗಿಂತ ಮೊದಲು ಅವಳಿಗೇ ಕಂಡಿತೆಂದು ಈಗಲೂ ನನ್ನ ಅನುಮಾನ. ಯಾಕೆಂದರೆ ಇದ್ದಕ್ಕಿದ್ದಂತೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಮುಖವನ್ನು ಪೂರಾ ಬೇರೆ ಕಡೆ ತಿರುಗಿಸಿ ನಿಂತಿದ್ದಳು. ನಾನು ಗೆರೆ ಎಳೆದ ಮೇಲೆಯೇ ಸೆರಗು ಹೊರಗೆ ಬಂತು.

ಮೈದಾನಕ್ಕೆ ಬಂದಾಗ ಮೊದಲು ನಗು, ಆಮೇಲೆ ಚಪ್ಪಾಳೆ. ಬೇರೆ ಕಾಲೇಜಿನ ಮಾಸ್ತರರೊಬ್ಬರು ಇದು ನಡೆಯುವುದಿಲ್ಲ, ಓಡುವವರಿಗೆ ಜೊತೆಗಾರರು ಇರುವಂತಿಲ್ಲ ಎಂದು ತಕರಾರು ತೆಗೆದರು. ದೇವಣ್ಣ ಸರ್ ನನ್ನನ್ನು ಕರೆದು ಎಲ್ಲರ ಮುಂದೆ ಕೇಳಿದರು.

"ಹುಲಿಗೆಮ್ಮ, ದಾರಿ ಯಾರು ಯಾರಿಗಿ ತೋರಿಸಿದ್ರು?"

"ನಾನೇ ಅವ್ವಗ ತೋರಿಸಿದೆ ಸರ್."

"ದಾರಿ ತೋರಿಸಿಕೊಳ್ಳಬಾರದು ಅಂತ ಅದ. ತೋರಿಸಬಾರದು ಅಂತ ಎಲ್ಲೂ ಇಲ್ಲ," ಎಂದು ಸರ್ ತೀರ್ಪು ಕೊಟ್ಟರು. ಆ ಮಾಸ್ತರರೂ ಅವ್ವನ ಕೈಯಲ್ಲಿದ್ದ ಹರಿದ ಚಪ್ಪಲಿ ನೋಡಿ ತಕರಾರು ಹಿಂದಕ್ಕೆ ತೆಗೆದುಕೊಂಡರು.

ಪದ್ಮಾ ಮೊದಲನೆಯವಳು. ಮಾನ್ವಿಯ ಹುಡುಗಿಯೊಬ್ಬಳು ಎರಡನೆಯವಳು. ನಾನು ಮೂರನೆಯವಳು, ಕೂದಲೆಳೆಯಲ್ಲಿ. ನಾನು ನಗುತ್ತಲೇ ಚಪ್ಪಾಳೆ ತಟ್ಟಿದೆ.

ಆದರೆ ಗೆದ್ದ ಪದ್ಮಾ ಬೇವಿನ ಮರದ ಹಿಂದೆ ನಿಂತು ಅಳುತ್ತಿದ್ದಳು. ಅಜ್ಜಿ ಮೈಸೂರಿಗೆ ಕಳಿಸುವುದಿಲ್ಲವಂತೆ, ನಿನ್ನೆಯೇ ಹೇಳಿಬಿಟ್ಟಿದ್ದಾಳಂತೆ. ದೇವಣ್ಣ ಸರ್ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ಆಕಿ ಹೋಗಲಿಲ್ಲಂದ್ರ ಮೂರನೇದಾಕಿ ನೀನು. ತಯಾರಿರು." ಮೈಸೂರಿನ ರೈಲು ಮತ್ತೆ ಕೂಗಿತು.

ಮಧ್ಯಾಹ್ನ ಪದ್ಮಾ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಕೋಟೆಯೊಳಗಿನ ಓಣಿಯಲ್ಲಿ ನೀಲಿ ಬಾಗಿಲಿನ ಸಣ್ಣ ಮನೆ. ಅಜ್ಜಿ ನೆಲ ತಡವಿಕೊಂಡು ಬಂದು ಚಾಪೆ ಹಾಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ. ಬಡಿಸುವಾಗ ಅವರ ಕೈ ತಟ್ಟೆಯ ಅಂಚನ್ನು ಮೊದಲು ಮುಟ್ಟಿ ನೋಡುತ್ತಿತ್ತು. ಅವರಿಗೆ ಕಣ್ಣು ಮಂಜಾಗಿತ್ತು, ಹೊತ್ತು ಮುಳುಗಿದ ಮೇಲಂತೂ ಏನೂ ಕಾಣುತ್ತಿರಲಿಲ್ಲ.

ಅವ್ವ ಕೇಳಿದಳು: "ಅಜ್ಜಿ, ಹುಡುಗೀನ ಯಾಕ ಕಳಸಾಂಗಿಲ್ಲಂತೀರಿ?"

ಅಜ್ಜಿಯ ಮಾತಿನಲ್ಲಿ ಕನ್ನಡ ತೆಲುಗು ಎರಡೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. "ಕಳಸಬಾರದು ಅಂತ ನನಗ ಹಟ ಏನಿಲ್ಲ ತಲ್ಲೀ. ಹೊತ್ತು ಮುಣಗಿದ್ರ ದೀಪ ಎಲ್ಲದ, ಬಾಗಲ ಎಲ್ಲದ ಕಾಣಾದಿಲ್ಲ. ಈ ಪಿಲ್ಲ ಇದ್ರ ಕೈ ಹಿಡೀತಾಳ. ಇಲ್ಲಂದ್ರ ಒಕ್ಕತ್ತೇ, ಒಬ್ಬಾಕೀನೇ ಹ್ಯಾಂಗ ಇರಲಿ? ಅಂಜಿಕಿ ಆಗ್ತದಮ್ಮಾ." ಹೇಳಿ ಮುಖ ತಿರುಗಿಸಿದರು. ಹೇಳಲು ನಾಚಿಕೆಯಾಗಿ ಮೊಮ್ಮಗಳಿಗೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲವೆಂದು ಪದ್ಮಾಳ ಮುಖ ನೋಡಿದರೆ ತಿಳಿಯುತ್ತಿತ್ತು.

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಆಮೇಲೆ ಹೇಳಿದಳು: "ನಾ ಬಂದು ನಿಮ್ಮ ಜೋಡಿ ಇರ್ತೀನ್ರೀ. ಹುಡುಗಿ ಹೋಗಿ ಬರತನಕ. ಕಳಸ್ರಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನೀನಾ? ಮುಂಜಾನೆ ದಾರಿ ತಪ್ಪಿ ನಿಂತಿದ್ದಿ ಅಂತ ಈ ಪಿಲ್ಲ ಹೇಳಿದ್ಲು," ಎಂದರು ಅಜ್ಜಿ.

"ಈಗ ನೋಡೀನಲ್ರೀ. ಬಸ್‌ಸ್ಟ್ಯಾಂಡ್, ದೊಡ್ಡ ಕಲ್ಲಿನ ಗ್ವಾಡಿ, ಬಾವಿ, ನೀಲಿ ಬಾಗಲ. ಬರತೀನಿ."

ಮತ್ತು ಬಂದಳು. ಪದ್ಮಾ ಮೈಸೂರಿಗೆ ಹೊರಟ ದಿನ ಅವ್ವ ಒಬ್ಬಳೇ ದೇವದುರ್ಗದಿಂದ ಬಂದು, ಯಾರನ್ನೂ ಕೇಳದೆ ಆ ಬಾಗಿಲು ತಟ್ಟಿದಳು. ಪದ್ಮಾ ಅಲ್ಲಿ ನೀಲಗಿರಿ ತೋಪಿನಲ್ಲಿ ದಾರಿ ತಪ್ಪಿ ಹಿಂದೆ ಬಿದ್ದಳಂತೆ. ಮರಳಿ ಬಂದು ಚಾಮುಂಡಿ ಬೆಟ್ಟ, ದೀಪ ಹಚ್ಚಿದ ಅರಮನೆ ಎಲ್ಲವನ್ನೂ ಅಜ್ಜಿಗೂ ನನಗೂ ಹೇಳಿದ್ದೇ ಹೇಳಿದ್ದು. ಅವ್ವನೂ ಅಜ್ಜಿಯೂ ಮಾತ್ರ ಕಾಯಂ ಗೆಳತಿಯರಾದರು. ಎಂಬತ್ತರ ದಶಕದಲ್ಲಿ ನಾನು ಮಾನ್ವಿಯಲ್ಲಿ ಶಿಕ್ಷಕಿಯಾಗಿ ಸೇರಿದ ಮೇಲೆ, ಅವ್ವ ನನ್ನನ್ನು ನೋಡಲೆಂದು ಹೊರಟವಳು ಮೊದಲು ರಾಯಚೂರಿಗೆ ಹೋಗಿ, ಅಜ್ಜಿಗೆ ತಲೆ ಬಾಚಿ, ಮಾತು ಮುಗಿಸಿ, ಆಮೇಲೆ ಮಾನ್ವಿಯ ಬಸ್ಸು ಹತ್ತುತ್ತಿದ್ದಳು. ಬೋರ್ಡು ಓದಲು ಬರುತ್ತಿರಲಿಲ್ಲ. ಡ್ರೈವರುಗಳನ್ನು ಮುಖ ನೋಡಿ ಗುರುತಿಟ್ಟುಕೊಂಡಿದ್ದಳು. ನಾನು ಶಾಲೆಯ ಹುಡುಗಿಯರನ್ನು ಕಟ್ಟಿಕೊಂಡು ಗುಡ್ಡದಲ್ಲಿ ಡಬ್ಬಿ ಇಟ್ಟು ಓಡಿಸುತ್ತಿದ್ದೆ. ಅವ್ವ ಬಂದರೆ ಕೊಡ ತುಂಬ ನೀರು ಹೊತ್ತು ತಂದು, ಬೆವರಿ ಬಂದವರಿಗೆ ಕುಡಿಸುತ್ತಿದ್ದಳು. ನನಗೆ ಮಾತ್ರ ಮೈಸೂರಿಗೆ ಓಡುವ ಯೋಗ ಮತ್ತೆ ಬರಲಿಲ್ಲ. ಮರುವರ್ಷ ದೇವಣ್ಣ ಸರ್‌ಗೆ ವರ್ಗವಾಯಿತು. ನಕಾಶೆ ಓಟವೂ ಅವರ ಜೊತೆಗೇ ಹೋಯಿತು.

ಆದರೆ ನಾನು ನಿಮಗೆ ಹೇಳಬೇಕೆಂದಿದ್ದು ರಾಯಚೂರಿನ ಆ ಓಟದ ದಿನ ಸಂಜೆಯ ಬಸ್ಸಿನ ಮಾತು. ಅವ್ವನನ್ನು ಊರಿಗೆ ಮುಟ್ಟಿಸಲು ನಾನೂ ದೇವದುರ್ಗದ ಬಸ್ಸು ಹತ್ತಿದ್ದೆ. ಪುಣ್ಯಕ್ಕೆ ಕೂರಲು ಜಾಗ ಸಿಕ್ಕಿತ್ತು. ಉಳಿದ ಮಂದಿ ನಿಂತಿದ್ದರು. ಬಸ್ಸು ಗಬ್ಬೂರು ದಾಟಿತು. ಕ್ಯಾನ್ವಾಸ್ ಬೂಟಿನೊಳಗೆ ಕಾಲು ಸಿಡಿಯುತ್ತಿತ್ತು. ಕೊನೆಗೆ ಕೇಳಿಯೇ ಬಿಟ್ಟೆ.

"ಯವ್ವಾ, ಪದ್ಮಾ ಹೋಗಲಿಲ್ಲಂದ್ರ ನಾ ಹೋಗ್ತಿದ್ದೆ. ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ನಿಮ್ಮ ಸರ್ ಹೇಳಿದ್ರು."

"ಗೊತ್ತಿದ್ದೂ ಅಜ್ಜಿಗಿ ಹಂಗಂದಿ?"

ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹತ್ತಿಯ ಹೊಲಗಳ ಮೇಲೆ ಬಿಸಿಲು ಕೆಂಪಾಗಿತ್ತು.

"ಮುಂಜಾನೆ ನಾ ಆ ಓಣ್ಯಾಗ ನಿಂತಿದ್ದಿಲ್ಲಂದ್ರ ನೀನು ಮುಂದ ಬರತಿದ್ದಿ. ಅದೂ ನನಗ ಗೊತ್ತದ," ಅಂದಳು. "ನಿನ್ನ ಓಟ ನಾ ನಿಲ್ಲಿಸಿದೆ. ಆಕೀದು ಆ ಮುದಿಕಿ ನಿಲ್ಲಸಾಕತ್ತಿದ್ಲು. ಒಂದಾ ದಿನಾ ಎಷ್ಟು ಹುಡುಗೀರನ್ನ ನಿಲ್ಲಸಾದು ಬೇ?"

ಅವ್ವ ಬಗ್ಗಿ ನನ್ನ ಬೂಟು ಬಿಚ್ಚಿದಳು. ಎರಡೂ ಕಾಲು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮೀನಖಂಡ ಒತ್ತತೊಡಗಿದಳು. ಅಷ್ಟು ಮಂದಿಯ ನಡುವೆ ನನಗೆ ನಾಚಿಕೆಯಾಗಿ ಕಾಲು ಎಳೆದುಕೊಳ್ಳಲು ನೋಡಿದೆ. ಬಿಡಲಿಲ್ಲ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ನಮ್ಮನ್ನು ನೋಡಿ, "ಏನವ್ವಾ, ಇಷ್ಟು ಮಂದಿ ನಿಂತಾರ, ಮಗಳಿಗಿ ಕಾಲು ಚಾಚಿಸಿ ಕುಂತೀಯಲ್ಲ? ಆರಾಮಿಲ್ಲೇನು ಆಕಿಗಿ?" ಎಂದ.

"ಆರಾಮ್ ಅದಾಳ," ಎಂದಳು ಅವ್ವ, ಹಿಂದಿನ ಸೀಟಿನವರಿಗೂ ಕೇಳುವಂತೆ. "ಓಡಿ ಬಂದಾಳ್ರೀ ನನ್ನ ಮಗಳು."